ಮರ ಕಡಿಯದೆ ನೆರಳು ತೆಗೆಯೋದು

ನಾಪೋಕ್ಲು ಕಡೆಯ ನಮ್ಮ ಮನೆ, ಜೂನ್ ಕೊನೆ. ಮೂರು ದಿನದಿಂದ ಬಿಡದೆ ಮಳೆ, ಎರಡು ದಿನದಿಂದ ಕರೆಂಟಿಲ್ಲ. ಮೊಬೈಲ್ ಸಿಗ್ನಲ್ ಸಿಗೋದು ಜಗಲಿಯ ಒಂದೇ ಮೂಲೆಯಲ್ಲಿ. ಅಲ್ಲೇ ಕೂತಿದ್ದೆ. ಲ್ಯಾಪ್‌ಟಾಪಿನಲ್ಲಿ ಉಳಿದಿದ್ದು 31 ಪರ್ಸೆಂಟ್ ಬ್ಯಾಟರಿ.

ನಾನು ಬಳಸೋದು ಈಮ್ಯಾಕ್ಸ್. ಅದರೊಳಗಿನ ಶೆಲ್‌ನಿಂದಲೇ ಸರ್ವರಿಗೆ ಲಾಗಿನ್ ಆಗಿ ಒಂದು ದೊಡ್ಡ ಡೇಟಾ ಕಾಪಿ ಹಚ್ಚಿದ್ದೆ. (ಟಿಮಕ್ಸ್ ಒಳಗೆ ಓಡಿಸಬೇಕಿತ್ತು. ಬುದ್ಧಿ ಬಂದಿದ್ದು ಆಮೇಲೆ!) ಅಷ್ಟರಲ್ಲಿ ಟೀಮಿನಿಂದ ಮೆಸೇಜ್: ನನ್ನ ಪ್ಯಾಚಿನ ತುಂಬಾ ಟ್ಯಾಬ್‌ಗಳಿವೆ, ಇವತ್ತೇ ಸರಿಮಾಡಿ ಕಳಿಸಬೇಕು.

ಒಂದೊಂದು ಪ್ರಾಜೆಕ್ಟಿಗೂ ಒಂದೊಂದು ನಿಯಮ ಇಡೋದಕ್ಕೆ ಈಮ್ಯಾಕ್ಸ್‌ನಲ್ಲಿ 2009ರ 23ನೇ ಆವೃತ್ತಿಯಿಂದ 'ಡಿರ್-ಲೋಕಲ್ಸ್' ಅನ್ನೋ ಫೈಲಿದೆ. ಪ್ರಾಜೆಕ್ಟಿನ ಫೋಲ್ಡರಿನಲ್ಲಿ ಅದನ್ನಿಟ್ಟು, ಟ್ಯಾಬ್ ಬೇಡ ಅಂತ ಬರೆದು ಸೇವ್ ಮಾಡಿದೆ. ಆದರೆ ಆಗಲೇ ತೆರೆದಿದ್ದ ಫೈಲುಗಳು ಕೇಳಬೇಕಲ್ಲ! ಮತ್ತೆ ಅದೇ ಟ್ಯಾಬ್. ಇಷ್ಟು ವರ್ಷ ಇದಕ್ಕೆ ನನ್ನ ಹತ್ತಿರ ಇದ್ದಿದ್ದು ಒಂದೇ ಮದ್ದು: ಈಮ್ಯಾಕ್ಸ್ ಮುಚ್ಚು, ಮತ್ತೆ ತೆರೆ. ಈಗ ಮುಚ್ಚಿದರೆ ಕಾಪಿಯೂ ಸಾಯುತ್ತೆ.

"ಏನಾಯ್ತು ಮಗಾ?" ಅಂದರು ಅಪ್ಪ.

"ಒಂದು ಸಣ್ಣ ಬದಲಾವಣೆಗೆ ಎಲ್ಲಾ ಮುಚ್ಚಿ ತೆಗೀಬೇಕು ಅಪ್ಪ."

"ನೆರಳು ಜಾಸ್ತಿ ಆಯ್ತು ಅಂತ ಯಾರಾದ್ರೂ ಮರಾನೇ ಕಡೀತಾರಾ? ಕೊಂಬೆ ತೆಗಿ."

ಮಳೆಗೆ ಮುಂಚೆ ತೋಟದಲ್ಲಿ ಮರಗಸಿ ಮಾಡಿಸಿದ ಮನುಷ್ಯ, ಹಾಗೆ ಹೇಳದೆ ಇನ್ನೇನು ಹೇಳ್ತಾರೆ! ಆದರೆ ಮಾತು ತಲೆಯಲ್ಲಿ ಕೂತಿತು. ಈಮ್ಯಾಕ್ಸ್‌ನ ಕೈಪಿಡಿ ಅದರೊಳಗೇ ಇದೆ, ನೆಟ್ ಬೇಡ. ಕಂಟ್ರೋಲ್-ಎಚ್ ಒತ್ತಿ ಆರ್ ಒತ್ತಿದೆ. ಹುಡುಕಿ ಓದಿದಾಗ ಗೊತ್ತಾಯ್ತು: ಈ ನಿಯಮಗಳನ್ನು ಅದು ಓದೋದು ಫೈಲ್ ತೆರೆಯುವಾಗ. ಹಾಗಾದರೆ ಆ ಫೈಲಿಗೆ ಮಾತ್ರ ಇನ್ನೊಮ್ಮೆ ಓದು ಅಂದರೆ ಸಾಕು.

ಆಲ್ಟ್-ಎಕ್ಸ್ ಒತ್ತಿ 'ನಾರ್ಮಲ್-ಮೋಡ್' ಅಂತ ಟೈಪಿಸಿ ಎಂಟರ್. ಅಷ್ಟೇ! ಹಳೆ ನಿಯಮ ಹೋಗಿ ಹೊಸದು ಬಂತು. ಸೇವ್ ಮಾಡದ ಬರಹಕ್ಕೂ ಏನೂ ಆಗಲಿಲ್ಲ. ಹೀಗೆ ಐದಾರು ಫೈಲಿಗೆ ಮಾಡಿದೆ. ಶೆಲ್ ಬಫರ್ ಮಾತ್ರ ಮುಟ್ಟಲಿಲ್ಲ, ಅಲ್ಲಿ ಈ ಆಟ ಬೇಡ. ಆಗಲೇ ಬಿದ್ದಿದ್ದ ಟ್ಯಾಬ್‌ಗಳು ಇದರಿಂದ ಹೋಗಲ್ಲ. ಅವಕ್ಕೆ ಫೈಲ್ ಪೂರ್ತಿ ಸೆಲೆಕ್ಟ್ ಮಾಡಿ 'ಅನ್‌ಟ್ಯಾಬಿಫೈ' ಕೊಟ್ಟೆ.

ಪ್ಯಾಚ್ ಹೋಯ್ತು. ಬ್ಯಾಟರಿ 9ಕ್ಕೆ ಇಳಿದಾಗ ಕಾಪಿಯೂ ಮುಗೀತು. ಕರೆಂಟ್ ಬಂದಿದ್ದು ಮರುದಿನ ಮಧ್ಯಾಹ್ನ.

ಏಳು ವರ್ಷದಿಂದ ದಿನಕ್ಕೆ ನಾಲ್ಕು ಸಲ ಈಮ್ಯಾಕ್ಸ್ ಮುಚ್ಚಿ ತೆರೆದಿದ್ದೀನಿ. ಎಷ್ಟು ಮರ ಕಡಿದೆನೋ, ಲೆಕ್ಕ ಹಾಕೋಕೆ ಹೋಗಲಿಲ್ಲ.