ಹಾಜರಾಗಿ ಎದ್ದು ಹೋದವನು

ತರಗತಿಯಲ್ಲಿ ಹಾಜರಿ ಹೇಳಿ, ನಾನು ಕಪ್ಪು ಹಲಗೆಯ ಕಡೆ ತಿರುಗಿದೊಡನೆ ಹಿಂದಿನ ಬಾಗಿಲಿನಿಂದ ನುಸುಳಿಕೊಳ್ಳುವ ಹುಡುಗರನ್ನು ಬಹಳ ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಬಾರದೇ ಇದ್ದವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಬಂದು ಹೋದವನ ಮೇಲೆ ಉಂಟು. ಈ ವಿಷಯದಲ್ಲಿ ನಾನು ಮಾಡಿರುವ ಉಪದೇಶಗಳನ್ನೆಲ್ಲ ಒಟ್ಟುಗೂಡಿಸಿದರೆ ಒಂದು ಸಣ್ಣ ಗ್ರಂಥವೇ ಆದೀತು. ಆ ಗ್ರಂಥಕರ್ತನೇ ಒಂದು ದಿನ ನ್ಯಾಯಾಲಯದಿಂದ ನುಸುಳಿಕೊಂಡ ಕಥೆ ಇದು.

ನಮ್ಮ ಪಕ್ಕದ ಮನೆಯ ರಾಯರು ತಾವು ದುಡಿದು ಕಟ್ಟಿದ ಮನೆ ತಮ್ಮ ಎರಡನೆಯ ಹೆಂಡತಿಗೆ ಸೇರಬೇಕೆಂದು ಉಯಿಲು ಬರೆದರು. ಉಯಿಲಿಗೆ ಇಬ್ಬರಾದರೂ ಸಾಕ್ಷಿಗಳು ಬೇಕೆಂಬುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಮಾತು. ಒಬ್ಬರು ರಾಯರ ಹಳೆಯ ಸ್ನೇಹಿತರು, ಇನ್ನೊಬ್ಬ ನಾನು. ರುಜು ಹಾಕಿ, ಆ ತಾಯಿ ಕೊಟ್ಟ ಕಾಫಿ ಕುಡಿದು ಮನೆಗೆ ಬಂದೆ. ನನ್ನ ಮಟ್ಟಿಗೆ ಕೆಲಸ ಅಲ್ಲಿಗೆ ಮುಗಿದಿತ್ತು.

ಮುಗಿದಿರಲಿಲ್ಲ. ರಾಯರು ತೀರಿಕೊಂಡರು, ವರ್ಷ ತುಂಬುವುದರೊಳಗೆ ಆ ಸ್ನೇಹಿತರೂ ಹೋದರು. ಮೊದಲ ಹೆಂಡತಿಯ ಮೂವರು ಮಕ್ಕಳು ಉಯಿಲೇ ಸುಳ್ಳೆಂದು ದಾವೆ ಹೂಡಿದರು. ಉಯಿಲು ಬಿದ್ದುಹೋದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಲೆಕ್ಕದಲ್ಲಿ ಅಜ್ಜಿಗೆ ಉಳಿಯುವುದು ನಾಲ್ಕರಲ್ಲೊಂದು ಪಾಲು. ಎರಡು ಕೋಣೆಯ ಮನೆಯಲ್ಲಿ ನಾಲ್ಕನೆಯ ಒಂದು ಪಾಲೆಂದರೆ ಅಡಿಗೆಮನೆಯೋ ಜಗಲಿಯೋ, ನೀವೇ ಊಹಿಸಿ. ಉಯಿಲನ್ನು ರುಜುವಾತು ಮಾಡಬೇಕಾದರೆ, ರುಜು ಹಾಕಿದ ಸಾಕ್ಷಿ ಬದುಕಿರುವಾಗ ಒಬ್ಬನನ್ನಾದರೂ ಕರೆಸಿ ಕೇಳಲೇಬೇಕು. 1872ರ ಸಾಕ್ಷ್ಯ ಕಾಯಿದೆಯ ಈ ನಿಯಮ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಉಳಿದಿದೆ. ಬದುಕಿದ್ದವನು ನಾನೊಬ್ಬನೇ.

ಸಮನ್ಸು ಬಂದ ದಿನ ಅಜ್ಜಿಯನ್ನು ಆಟೋದಲ್ಲಿ ಕೂರಿಸಿಕೊಂಡು ನಾನೇ ಹೋದೆ. ಹನ್ನೊಂದು ಗಂಟೆಗೆ ಬೆಂಚಿನ ಮೇಲೆ ಕುಳಿತು, ಮೊಬೈಲನ್ನು ನಂದಿಸಿ, ಶಿಸ್ತಿನ ಮೂರ್ತಿಯಾದೆ. ಹನ್ನೆರಡಾಯಿತು. ಯಾರು ಯಾರದೋ ಹೆಸರು ಕೂಗಿದರು, ನನ್ನದಿಲ್ಲ. ಹನ್ನೆರಡೂವರೆಗೆ ನನಗೆ ಪಾಠವಿತ್ತು. ಕಾಲೇಜು ಎರಡೇ ಫರ್ಲಾಂಗು. ಅಂದಿನ ಪಾಠ ರಾಘವಾಂಕನ ಹರಿಶ್ಚಂದ್ರ ಕಾವ್ಯ. ಸತ್ಯಕ್ಕಾಗಿ ಎಲ್ಲವನ್ನೂ ಬಿಟ್ಟವನ ಕಥೆ ಹೇಳುವ ಆತುರದಲ್ಲಿ ನಾನು ಸಾಕ್ಷಿಯ ಕಟಕಟೆಯನ್ನೇ ಬಿಟ್ಟು ಹೋದೆ. ಯಾರಿಗೂ ಹೇಳಲಿಲ್ಲ. ಹಿಂದಿನ ಬಾಗಿಲಿನಿಂದಲೇ ಹೋದೆ.

ಒಂದೂವರೆಗೆ ಹಿಂತಿರುಗಿದಾಗ ಜಗಲಿಯ ಮೇಲೆ ಅಜ್ಜಿ ಒಬ್ಬರೇ ಕುಳಿತಿದ್ದರು. ಮಡಿಲಲ್ಲಿ ಮೊಸರನ್ನದ ಡಬ್ಬಿ, ಮುಚ್ಚಳ ತೆಗೆದಿರಲಿಲ್ಲ.

"ಬಂದಿರಾ ಮೇಷ್ಟರೇ? ನಿಮ್ಮ ಹೆಸರು ಮೂರು ಸಲ ಕೂಗಿದರು. ನಿಮಗೇನಾಯಿತೋ ಅಂತ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಬೈಯುವ ಕೆಲಸವನ್ನು ವಕೀಲರು ವಹಿಸಿಕೊಂಡರು. ನನಗೆ ಎಷ್ಟೋ ಸಲ ಫೋನು ಮಾಡಿದ್ದರಂತೆ. ನಂದಿಸಿದ ಮೊಬೈಲನ್ನು ಹಚ್ಚಲು ನಾನು ಮರೆತಿದ್ದೆ. ಕೇಸು ಒಂದು ತಿಂಗಳು ಮುಂದಕ್ಕೆ ಹೋಗಿತ್ತು. "ನೋಡುವುದಕ್ಕೆ ಬಂದವರು ಸದ್ದಿಲ್ಲದೆ ಎದ್ದು ಹೋಗಬಹುದು ಸಾರ್, ಅವರನ್ನು ಯಾರೂ ಕೇಳುವುದಿಲ್ಲ. ಸಮನ್ಸು ತೆಗೆದುಕೊಂಡವರು ಹಾಗಲ್ಲ. ಅಪ್ಪಣೆಗೆ ಮೊದಲೇ ಹೊರಟು ಹೋದರೆ ಬಾರದೇ ಇದ್ದ ಹಾಗೆಯೇ ಲೆಕ್ಕ" ಎಂದರು. ಬೇಕೆಂದೇ ಹಾಗೆ ಮಾಡಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 208ನೆಯ ಕಲಮಿನಂತೆ ಆರು ತಿಂಗಳವರೆಗೆ ಸಾದಾ ಸೆರೆ, ಇಲ್ಲವೆ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. 2024ರ ಜುಲೈ 1ರಂದು ಈ ಸಂಹಿತೆ ಜಾರಿಗೆ ಬರುವ ಮೊದಲು, ಹಳೆಯ ದಂಡ ಸಂಹಿತೆಯಲ್ಲಿ ಈ ದಂಡ 1,000 ರೂಪಾಯಿ ಇತ್ತು. ಇದಲ್ಲದೆ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಇಂಥ ಸಾಕ್ಷಿಯ ಮೇಲೆ ವಾರಂಟು ಹೊರಡಿಸಬಹುದು. ಆಸ್ತಿಯನ್ನು ಜಪ್ತಿ ಮಾಡಬಹುದು. ನನ್ನ ಆಸ್ತಿಯೆಂದರೆ ಪುಸ್ತಕಗಳು. ಅವು ಜಪ್ತಿಯಾದರೆ ನನ್ನ ಹೆಂಡತಿ ಅಮೀನನಿಗೆ ಕಾಫಿ ಕೊಟ್ಟು ಕಳಿಸಿಯಾಳು.

ಹಾಸ್ಯ ಅಷ್ಟಕ್ಕೆ ನಿಂತಿತು. ಆ ತಿಂಗಳು ಪ್ರತಿ ಸಂಜೆಯೂ ಪಕ್ಕದ ಮನೆಯ ದೀಪ ಹೊತ್ತಿದಾಗ ನನಗೆ ಮುಖ ಎತ್ತಲು ಆಗುತ್ತಿರಲಿಲ್ಲ. ನನಗೇನಾದರೂ ಆಗಿಹೋದರೆ ಆ ಉಯಿಲಿನ ಗತಿಯೇನು ಎಂದು ಯೋಚಿಸಿ, ರಸ್ತೆ ದಾಟುವಾಗ ಎರಡೆರಡು ಸಲ ನೋಡುವುದನ್ನು ಕಲಿತೆ.

ಮುಂದಿನ ವಾಯಿದೆಯ ದಿನ ಕಟಕಟೆಯಲ್ಲಿ ನಿಂತು, ಆದದ್ದನ್ನು ಮುಚ್ಚಿಡದೆ ಹೇಳಿ ಕ್ಷಮೆ ಕೇಳಿದೆ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, "ನಿಮ್ಮ ಹುಡುಗರು ಹೀಗೆ ಹೋದರೆ ಏನು ಮಾಡುತ್ತೀರಿ?" ಎಂದರು. "ಹಾಜರಿ ಹೊಡೆದುಹಾಕುತ್ತೇನೆ ಸ್ವಾಮಿ" ಎಂದೆ. ದಂಡ ಹಾಕಲಿಲ್ಲ. ರಾಯರು ನನ್ನ ಕಣ್ಣೆದುರಿಗೇ ರುಜು ಹಾಕಿದರೆಂದು ಹೇಳಿದೆ. ಎದುರು ಪಕ್ಷದ ವಕೀಲರ ಪ್ರಶ್ನೆಗಳಿಗೆ ಎರಡು ಗಂಟೆ ಉತ್ತರ ಕೊಟ್ಟೆ. ಮುಗಿದ ಮೇಲೂ ನಾನು ಇಳಿಯಲಿಲ್ಲ. "ಇನ್ನು ಹೋಗಬಹುದು" ಎಂದು ಅವರೇ ಹೇಳಬೇಕಾಯಿತು.

ತೀರ್ಪು ಇನ್ನೂ ಬಂದಿಲ್ಲ. ಅಜ್ಜಿ ಈಗಲೂ ಕರೆದು ಕಾಫಿ ಕೊಡುತ್ತಾರೆ. ನಮ್ಮ ಮನೆಗಳಲ್ಲಿ "ಹೋಗಿ ಬರುತ್ತೇನೆ" ಎನ್ನದೆ ಯಾರೂ ಹೊಸಿಲು ದಾಟುವುದಿಲ್ಲ. ಅಷ್ಟನ್ನು ಅಂದು ಹೇಳಿದ್ದರೆ ಸಾಕಾಗಿತ್ತು. ಈಗ ಹೇಳಿಯೇ ಏಳುತ್ತೇನೆ. ಅಜ್ಜಿ "ಹೂಂ, ಬನ್ನಿ" ಎನ್ನುವವರೆಗೆ ಬಾಗಿಲಲ್ಲೇ ನಿಂತಿರುತ್ತೇನೆ.