ಮಾವನವರ ಹಸಿವು

ಮನೆಯ ಹಿರಿಯರು ಹೊಟ್ಟೆತುಂಬ ಉಂಡರೆ ಗೃಹಿಣಿಗೆ ಅದಕ್ಕಿಂತ ಹೆಚ್ಚಿನ ಸಂತೋಷವಿಲ್ಲ. ಅರಸೀಕೆರೆಯ ನಮ್ಮ ಮನೆಯಲ್ಲಿ ಒಂದು ಮುದ್ದೆಗೆ ಕೈತೊಳೆಯುತ್ತಿದ್ದ ಮಾವನವರು ಕೆಲವು ವರ್ಷಗಳ ಹಿಂದೆ ಎರಡು ಮುದ್ದೆ ಉಣ್ಣತೊಡಗಿದಾಗ ನಾನೂ ಹಿಗ್ಗಿದೆ. ತೆಂಗಿನ ತೋಟದಲ್ಲಿ ದುಡಿಯುವವರಿಗೆ ಹಸಿವು ಸಹಜವೆಂದುಕೊಂಡೆವು. ಅವರ ಅಂಗಿ ದಿನೇ ದಿನೇ ಸಡಿಲವಾಗುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ.

ಒಂದು ಭಾನುವಾರ ಬಂಧುಗಳೊಡನೆ ಬೇಲೂರು, ಹಳೇಬೀಡುಗಳಿಗೆ ಹೋಗಿದ್ದೆವು. ಬೇಲೂರಿನಲ್ಲಿ ಚೆನ್ನಕೇಶವ ದೇವಾಲಯವನ್ನು ನೋಡಿ ಬುತ್ತಿ ಬಿಚ್ಚಿದೆವು. ಮಾವನವರು ಎಲ್ಲರಿಗಿಂತ ಹೆಚ್ಚು ಉಂಡರು. ಹಳೇಬೀಡು ಸೇರುವಷ್ಟರಲ್ಲಿ ಮತ್ತೆ ರೊಟ್ಟಿ ಕೇಳಿದರು. “ಈಗ ತಾನೇ ಉಂಡಿರಲ್ಲ ಮಾವ, ಬುತ್ತಿಯೆಲ್ಲ ನಿಮಗೊಬ್ಬರಿಗೇ ಸಾಲದು” ಎಂದು ನಕ್ಕೆ. ಬಂಧುಗಳೂ ನಕ್ಕರು. ಅವರು ಕೈಗೆತ್ತಿಕೊಂಡ ರೊಟ್ಟಿಯನ್ನು ಡಬ್ಬಿಗೆ ಮರಳಿಸಿ, ನೀರು ಕುಡಿದು, ಮರದ ನೆರಳಿನಲ್ಲಿ ಸುಮ್ಮನೆ ಕುಳಿತರು.

ಅಂದಿನಿಂದ ಅವರು ಎಲ್ಲರೆದುರು ಕಡಿಮೆ ಉಣ್ಣತೊಡಗಿದರು. ಒಂದು ರಾತ್ರಿ ನೀರಿಗೆಂದು ಎದ್ದಾಗ, ಅಡುಗೆಮನೆಯ ಕತ್ತಲಲ್ಲಿ ನಿಂತು ಕೊಬ್ಬರಿ ಬೆಲ್ಲ ತಿನ್ನುತ್ತಿದ್ದುದನ್ನು ಕಂಡೆ. “ತಪ್ಪು ತಿಳಿಯಬೇಡ ಕಣಮ್ಮ, ಹಸಿವು ತಡೆಯಲಾಗುತ್ತಿಲ್ಲ” ಎಂದರು. ನನ್ನ ನಗೆಯ ಮಾತು ಎಷ್ಟು ಆಳಕ್ಕೆ ನಾಟಿತ್ತೆಂಬುದು ಆಗ ತಿಳಿಯಿತು.

ಮರುದಿನವೇ ವೈದ್ಯರಲ್ಲಿಗೆ ಕರೆದೊಯ್ದೆವು. ಬಾಯಾರಿಕೆ ಹೆಚ್ಚಿದೆಯೇ, ರಾತ್ರಿ ಮೂತ್ರಕ್ಕೆ ಪದೇಪದೇ ಏಳುವಿರಾ, ತೂಕ ಇಳಿದಿದೆಯೇ ಎಂದು ಅವರು ಕೇಳಿದರು. ಮೂರಕ್ಕೂ ಹೌದೆಂಬುದೇ ಉತ್ತರ. ಬರಿಹೊಟ್ಟೆಯಲ್ಲಿ 100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ 126 ಮಿಲಿಗ್ರಾಂ ಮುಟ್ಟಿದರೆ ಅದು ಮಧುಮೇಹದ ಮಟ್ಟ. ಮಾವನವರಿಗೆ 270 ಇತ್ತು. ಇನ್ಸುಲಿನ್ ಸಾಲದಾದಾಗ, ಅಥವಾ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸದಿದ್ದಾಗ, ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಜೀವಕೋಶಗಳು ಉಪವಾಸವಿರುತ್ತವೆ. ಸಕ್ಕರೆ ಮೂತ್ರದಲ್ಲಿ ಹೋಗುತ್ತದೆ, ದೇಹ ಮತ್ತೆ ಮತ್ತೆ ಅನ್ನ ಬೇಡುತ್ತದೆ ಎಂದು ವೈದ್ಯರು ವಿವರಿಸಿದರು.

ಹಸಿವು ಹೆಚ್ಚಲು ಬೇರೆ ಕಾರಣಗಳೂ ಉಂಟು. ಥೈರಾಯ್ಡ್ ಗ್ರಂಥಿಯ ಸ್ರಾವ ಮಿತಿಮೀರಿದರೆ ಹಸಿವಿನೊಡನೆ ಎದೆಬಡಿತ, ಕೈನಡುಕ, ಬೆವರು ಕಾಣಿಸುತ್ತವೆ, ತೂಕ ಇಳಿಯುತ್ತದೆ. ಸ್ಟೀರಾಯ್ಡ್ ಔಷಧಿಗಳೂ ಹಸಿವನ್ನು ಕೆರಳಿಸುತ್ತವೆ. ಹಾಗೆಂದು ಅವನ್ನು ತಾವಾಗಿಯೇ ನಿಲ್ಲಿಸಬಾರದು. ನಿದ್ರೆಗೇಡು, ಮನದ ದುಗುಡಗಳೂ ಕಾರಣವಾಗಬಲ್ಲವು. ಮಧುಮೇಹಕ್ಕೆ ಔಷಧಿ ಪಡೆಯುವವರಿಗೆ ಹಠಾತ್ತನೆ ಹಸಿವು, ನಡುಕ, ಬೆವರು ಬಂದರೆ ಸಕ್ಕರೆ ತೀರ ಇಳಿದಿರಬಹುದು; ಕೂಡಲೇ ಸಿಹಿ ಕೊಡಬೇಕು.

ತಣಿಯದ ಹಸಿವನ್ನು ಹಿಂದಿನವರು ಭಸ್ಮಕ ರೋಗವೆಂದು ಕರೆದರು. ನಮ್ಮ ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ ಶಾಸನವು ಆಚಾರ್ಯ ಸಮಂತಭದ್ರರು ಆ ರೋಗವನ್ನು ಗೆದ್ದರೆಂದು ಸ್ತುತಿಸುತ್ತದೆ. ಹಸಿವೂ ರೋಗವಾಗಬಲ್ಲದೆಂಬುದನ್ನು ಅಂದಿನವರು ಬಲ್ಲವರಾಗಿದ್ದರು. ನಾವು ಹೊಟ್ಟೆಬಾಕತನವೆಂದು ನಕ್ಕೆವು.

ಮಾತ್ರೆ, ಮಿತಾಹಾರ, ನಡಿಗೆಗಳಿಂದ ಮಾವನವರು ಈಗ ಚೇತರಿಸಿಕೊಂಡಿದ್ದಾರೆ; ಮತ್ತೆ ಒಂದೇ ಮುದ್ದೆಗೆ ಕೈತೊಳೆಯುತ್ತಾರೆ. ಓದುಗ ಸೋದರಿಯರೇ, ಮನೆಯಲ್ಲಿ ಯಾರಿಗಾದರೂ ಹಸಿವು ಹೆಚ್ಚಿದರೆ ತುತ್ತು ಎಣಿಸಬೇಡಿ. ಅವರ ಅಂಗಿ ಸಡಿಲವಾಗಿದೆಯೇ ಎಂದು ನೋಡಿರಿ.