ಕನೌಜಿನ ಅತ್ತರದ ಕುಪ್ಪಿಗಳು

ಇಮ್ಮಡಿ ಪುಲಿಕೇಶಿಯು ನರ್ಮದೆಯ ತೀರದಲ್ಲಿ ತಡೆದು ನಿಲ್ಲಿಸಿದ ಹರ್ಷವರ್ಧನನ ರಾಜಧಾನಿ ಕನೌಜ. ಕ್ರಿ.ಶ. 634ರ ಐಹೊಳೆಯ ಶಾಸನದಿಂದಾಗಿ ಕನ್ನಡಿಗರಿಗೆ ಈ ಪ್ರಸಂಗ ಚಿರಪರಿಚಿತ. ಕಾನ್ಪುರದಿಂದ ವಾಯವ್ಯಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿರುವ ಈ ಊರಿನಲ್ಲಿ ಇಂದು ಹರ್ಷನ ಅರಮನೆಯಿಲ್ಲ, ಆಸ್ಥಾನವಿಲ್ಲ. ಉಳಿದು ಬಂದಿರುವುದು ಒಂದು ಕಾಯಕ. ಹೂವಿನ ಪರಿಮಳವನ್ನು ಹಿಡಿದು ಕುಪ್ಪಿಯಲ್ಲಿ ತುಂಬುವ ಅತ್ತರದ ಕಾಯಕ ಅದು.

ಇಲ್ಲಿನ ಬಟ್ಟಿಯ ಮನೆಗಳಲ್ಲಿ ತಾಮ್ರದ ದೊಡ್ಡ ಹಂಡೆಗೆ 'ದೇಗ್' ಎನ್ನುತ್ತಾರೆ. ಹೂವು, ನೀರು ತುಂಬಿ, ಮುಚ್ಚಳದ ಸಂದಿಗೆ ಜೇಡಿಮಣ್ಣು ಮೆತ್ತಿ, ಕೆಳಗೆ ಹದವಾದ ಬೆಂಕಿಯಿಡುತ್ತಾರೆ. ಆವಿಯು ಬಿದಿರಿನ ಕೊಳವೆಯ ಮೂಲಕ, ತಣ್ಣೀರಿನ ತೊಟ್ಟಿಯಲ್ಲಿಟ್ಟ 'ಭಪ್ಕಾ' ಎಂಬ ಪಾತ್ರೆಗೆ ಇಳಿಯುತ್ತದೆ. ಅಲ್ಲಿ ಮೊದಲೇ ಹಾಕಿಟ್ಟ ಶ್ರೀಗಂಧದ ಎಣ್ಣೆ ಆ ಪರಿಮಳವನ್ನು ಹೀರಿಕೊಳ್ಳುತ್ತದೆ. ನೀರನ್ನು ಬೇರ್ಪಡಿಸಿ, ಮರುದಿನ ಹೊಸ ಹೂವು ಹಾಕಿ, ಅದೇ ಎಣ್ಣೆಗೆ ಮತ್ತೆ ಮತ್ತೆ ಪರಿಮಳವನ್ನು ಕೂಡಿಸಲಾಗುತ್ತದೆ. ಗುಲಾಬಿ, ಮಲ್ಲಿಗೆ, ಕೇದಗೆಗಳಿಂದ ಮಾತ್ರವಲ್ಲ, ಸುಟ್ಟ ಮಣ್ಣಿನಿಂದಲೂ ಇವರು ಅತ್ತರ ತೆಗೆಯುತ್ತಾರೆ. ಮೊದಲ ಮಳೆಗೆ ನೆಲ ಬಿಡುವ ಕಂಪು ಅದರಲ್ಲಿದೆ.

ಹೀಗೆ ಸಿದ್ಧವಾದ ಅತ್ತರವನ್ನು ಹಿಂದೆ ತುಂಬುತ್ತಿದ್ದುದು ತೊಗಲಿನ ಕುಪ್ಪಿಯಲ್ಲಿ. ಕನ್ನಡದ 'ಕುಪ್ಪಿ', 'ಕುಪ್ಪಿಗೆ'ಗಳನ್ನು ಬಲ್ಲವರಿಗೆ ಈ ಹೆಸರು ಹೊರಗಿನದೆನಿಸದು. ತೊಗಲು ಇಲ್ಲಿ ಕೇವಲ ಹೊದಿಕೆಯಲ್ಲ. ಅತ್ತರದಲ್ಲಿ ಉಳಿದ ನೀರಿನ ಅಂಶವು ಅದರ ಸೂಕ್ಷ್ಮ ರಂಧ್ರಗಳ ಮೂಲಕ ನಿಧಾನವಾಗಿ ಆರಿಹೋಗುತ್ತದೆ. ಎಣ್ಣೆಯೂ ಪರಿಮಳವೂ ಒಳಗೆ ನಿಲ್ಲುತ್ತವೆ. ಕುಪ್ಪಿಯು ಅತ್ತರವನ್ನು ಕಾಯುವುದರ ಜೊತೆಗೆ ಪಕ್ವಗೊಳಿಸುತ್ತದೆ. ಹರಳಯ್ಯ, ಮಾದಾರ ಚೆನ್ನಯ್ಯರನ್ನು ನೆನೆಯುವ ನಮಗೆ ತೊಗಲಿನ ಕಾಯಕದ ಘನತೆಯನ್ನು ಬೇರೆಯಾಗಿ ಹೇಳಬೇಕಿಲ್ಲ. ಅತ್ತರ ಮಾರಿದವರ ಹೆಸರು ಅಂಗಡಿಯ ಫಲಕದಲ್ಲಿ ಉಳಿದಿದೆ. ಕುಪ್ಪಿ ಹೊಲಿದವರ ಹೆಸರು ಎಲ್ಲಿಯೂ ಇಲ್ಲ. ಈಗ ಅದರ ಸ್ಥಾನವನ್ನು ಅಲ್ಯೂಮಿನಿಯಂ ಡಬ್ಬಿಗಳೂ ಗಾಜಿನ ಸೀಸೆಗಳೂ ಬಹುಮಟ್ಟಿಗೆ ಆಕ್ರಮಿಸಿವೆ. ಹಳೆಯ ತೊಗಲಿನ ಕುಪ್ಪಿ ಸಂಗ್ರಾಹಕರು ಹುಡುಕುವ ವಸ್ತುವಾಗಿದೆ.

ಈ ಕಥೆಯಲ್ಲಿ ನಮ್ಮ ನಾಡಿನ ಪಾಲೂ ಇದೆ. ಅತ್ತರಕ್ಕೆ ಆಧಾರವಾದ ಶ್ರೀಗಂಧಕ್ಕೆ ಮೈಸೂರು ಸೀಮೆ ಹೆಸರಾದದ್ದು. ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ 1916ರಲ್ಲಿ ಆರಂಭವಾಯಿತು. ಮರಗಳು ವಿರಳವಾಗಿ ಎಣ್ಣೆ ದುಬಾರಿಯಾದಂತೆ ಅನೇಕರು ಅಗ್ಗದ ಖನಿಜ ತೈಲವನ್ನು ಅವಲಂಬಿಸಿದರು. ಈ ಕಸುಬಿಗೆ ನೆರವಾಗಲೆಂದು 1991ರಲ್ಲಿ ಕನೌಜಿನಲ್ಲಿ ಸುಗಂಧ ಮತ್ತು ಸುರಸ ಅಭಿವೃದ್ಧಿ ಕೇಂದ್ರ ಸ್ಥಾಪನೆಯಾಯಿತು.

ಹಳೆಯ ಸುಗಂಧದ ಸೀಸೆಗಳನ್ನು ಕೂಡಿಸುವ ಹವ್ಯಾಸ ದೇಶವಿದೇಶಗಳಲ್ಲಿದೆ. ಫ್ರಾನ್ಸಿನಲ್ಲಿ ಸುಗಂಧ ವ್ಯಾಪಾರಿ ಕೋಟಿಗಾಗಿ ರೆನೆ ಲಾಲಿಕ್ 20ನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಸೀಸೆಗಳಿಗೆ ಇಂದಿಗೂ ಅಪಾರ ಬೇಡಿಕೆ. ಹಳೆಯ ಗಾಜನ್ನು ಗುರುತಿಸಲು ಕೆಲವು ಲಕ್ಷಣಗಳಿವೆ. ಬಾಯಿಂದ ಊದಿ ಮಾಡಿದ ಸೀಸೆಯ ಗೋಡೆ ಎಲ್ಲೆಡೆ ಒಂದೇ ದಪ್ಪವಿರುವುದಿಲ್ಲ. ಒಳಗೆ ಸಣ್ಣ ಗುಳ್ಳೆಗಳೂ, ತಳದಲ್ಲಿ ಊದುಗೊಳವೆ ಅಥವಾ ಸಲಾಕೆಯಿಂದ ಬಿಡಿಸಿದ ಒರಟು ಗುರುತೂ ಕಾಣಬಹುದು. ಯಂತ್ರದ ಸೀಸೆಯಲ್ಲಿ ಅಚ್ಚಿನ ಗೆರೆ ಕೊರಳನ್ನು ದಾಟಿ ಬಾಯಿಯ ಅಂಚಿನವರೆಗೂ ಸಾಗಿರುತ್ತದೆ. ಗಾಜಿನ ಬಿರಡೆಯನ್ನು ಆಯಾ ಸೀಸೆಯ ಕೊರಳಿಗೇ ಉಜ್ಜಿ ಹೊಂದಿಸುತ್ತಿದ್ದುದರಿಂದ ಒಂದರ ಬಿರಡೆ ಮತ್ತೊಂದಕ್ಕೆ ಸರಿಯಾಗಿ ಕೂಡದು. ಬಿಗಿದ ಬಿರಡೆಯನ್ನು ಬಲವಂತದಿಂದ ತಿರುಗಿಸಬಾರದು. ಸುತ್ತಲೂ ಒಂದೆರಡು ತೊಟ್ಟು ಎಣ್ಣೆ ಬಿಟ್ಟು ಕಾಯಬೇಕು. ಕುದಿಯುವ ನೀರು ಹಳೆಯ ಗಾಜಿಗೆ ಶತ್ರು.

ಇಂಥ ವಸ್ತುವಿಗಾಗಿ ನಾವು ಕನೌಜಿಗೋ ಪ್ಯಾರಿಸ್ಸಿಗೋ ಹೋಗಲೇಬೇಕೆಂದಿಲ್ಲ. ಬೀದರಿನ ಕುಶಲಕರ್ಮಿಗಳು ಸತುವು ತಾಮ್ರಗಳ ಕಪ್ಪು ಮಿಶ್ರಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸಿ ಅತ್ತರದಾನಿಗಳನ್ನೂ ಮಾಡಿದ್ದಾರೆ. ನಮ್ಮ ಎಷ್ಟೋ ಮನೆಗಳ ಹಳೆಯ ಪೆಟ್ಟಿಗೆಯಲ್ಲಿ ಬೆಳ್ಳಿಯ ಪನ್ನೀರುದಾನಿಯೂ ಅತ್ತರದಾನಿಯೂ ಇವೆ. ಮದುವೆಯ ಹಂದರದ ಬಾಗಿಲಲ್ಲಿ ನಿಂತು ಬಂದವರ ಮೇಲೆ ಪನ್ನೀರು ಚಿಮುಕಿಸಿದ, ಮುಂಗೈಗೆ ಅತ್ತರ ಹಚ್ಚಿದ ಸಾಧನಗಳವು. ಶ್ರೀಮಂತ ಬೀಗರಿಗೂ ಬಡ ನೆಂಟನಿಗೂ ಅದೇ ಪನ್ನೀರು, ಅದೇ ಕಂಪು. ಇಂದು ಅವು ಅಕ್ಕಸಾಲಿಗರ ತಕ್ಕಡಿಗೆ ಹೋಗಿ, ತೂಕಕ್ಕೆ ಮಾರಾಟವಾಗಿ ಕರಗುತ್ತಿವೆ. ಬೆಳ್ಳಿಗೆ ಬೆಲೆ ಸಿಕ್ಕೀತು. ನಾಲ್ಕು ತಲೆಮಾರಿನ ಅತಿಥಿಸತ್ಕಾರದ ನೆನಪಿಗೆ ತಕ್ಕಡಿಯಲ್ಲಿ ತೂಕವಿಲ್ಲ.

ಆದರೆ ಗಾಜಿನ ಕಪಾಟಿನಲ್ಲಿ ಬೀಗ ಹಾಕಿಡುವುದೂ ಪೂರ್ಣ ರಕ್ಷಣೆಯಲ್ಲ. ಪರಿಮಳವು ಕಣ್ಣಿಗೆ ಕಾಣದು, ಆದರೂ ಅದರ ಇರವನ್ನು ಅಲ್ಲಗಳೆಯಲಾಗದು. ಆದುದರಿಂದಲೇ ಶರಣರು ಕಾಣದ ಪರವಸ್ತುವನ್ನು ತಿಳಿಸಲು ಪರಿಮಳವನ್ನು ಉಪಮೆಯಾಗಿ ಬಳಸಿದರು. ಪರಿಮಳವಿಲ್ಲದ ಕುಪ್ಪಿ ಬರಿಯ ಪಾತ್ರೆ. ಕುಪ್ಪಿಯಿಲ್ಲದ ಪರಿಮಳ ಗಾಳಿಯ ಪಾಲು. ಎರಡನ್ನೂ ಕೂಡಿಯೇ ಉಳಿಸಬೇಕು.

ಮನೆಯ ಹಿರಿಯರು ಇರುವಾಗಲೇ ಆ ಪನ್ನೀರುದಾನಿ ಯಾರ ಮದುವೆಗೆ ಬಂದದ್ದು, ಯಾವ ಊರಿನ ಕುಶಲಕರ್ಮಿ ಮಾಡಿದ್ದು ಎಂಬುದನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಅದರೊಡನೆ ಇಡೋಣ. ಬಸವ ಜಯಂತಿಯ ದಿನ ಅದನ್ನು ಮೆದು ಬಟ್ಟೆಯಿಂದ ಒರೆಸಿ, ಶುದ್ಧ ಪನ್ನೀರು ತುಂಬಿ, ಮಕ್ಕಳ ಕೈಗೆ ಕೊಟ್ಟು ಬಾಗಿಲಲ್ಲಿ ನಿಲ್ಲಿಸೋಣ. ಬಂದವರನ್ನು ಬರಮಾಡಿಕೊಳ್ಳುವ ರೀತಿಯನ್ನು ಅವರು ಹಾಗೆಯೇ ಕಲಿಯುತ್ತಾರೆ.